ಮೇಲಿನ ನೀರು

ಫೆಬ್ರವರಿ 3

ಪಂಡಿತೆಗೆ,

ನನ್ನ ಕೈಬರಹ ನೋಡಿದ ತಕ್ಷಣ ಕಸದ ಬುಟ್ಟಿಗೆ ಹಾಕಬೇಡ. ಜೊತೆಯಲ್ಲಿ ಒಂದು ಬಾಟಲಿ ಇದೆ, ಸೋರಿದರೆ ನಿನ್ನ ಮೇಜೇ ಒದ್ದೆಯಾಗುತ್ತದೆ.

ಫೋನು ಮಾಡಬಹುದಿತ್ತು. ಆದರೆ "ಫೋನಲ್ಲಿ ನಿನ್ ಜೊತೆ ಮಾತಾಡೋದೂ ಒಂದೇ, ರೇಡಿಯೋ ಜೊತೆ ಮಾತಾಡೋದೂ ಒಂದೇ. ಏನಾದ್ರೂ ಇದ್ರೆ ಬರೆದು ಹಾಕು" ಎಂದು ಹೇಳಿ ನಮ್ಮ ಡ್ರೈಕ್ಲೀನಿಂಗ್ ಅಂಗಡಿಯ ಮೆಟ್ಟಿಲಿಳಿದು ಹೋದವಳು ನೀನು. ಅಮ್ಮ ತೀರಿಹೋಗಿ ಆಗ ಎರಡು ವಾರವೂ ಆಗಿರಲಿಲ್ಲ. ಈಗ ಆರು ವರ್ಷ. ಅಷ್ಟರಲ್ಲಿ ನೀನು ಬರೆದದ್ದು ಮೂರು ಕಾರ್ಡು, ಮೂರರಲ್ಲೂ ಇದ್ದದ್ದು ಬದಲಾದ ವಿಳಾಸ. ನನಗೇನೂ ಬೇಜಾರಿಲ್ಲ. ಬೇಜಾರಿದೆ, ಆದರೆ ಈಗ ಅದರ ಮಾತಲ್ಲ.

ಮಾತು ಬಾವಿಯದು. ನಮ್ಮ ಹಿತ್ತಲಿನ ಬಾವಿಯ ನೀರಿಗೆ ಎರಡು ತಿಂಗಳಿಂದ ಏನೋ ವಾಸನೆ. ಕೆಟ್ಟ ವಾಸನೆಯಲ್ಲ, ಒಂಥರಾ ಸಿಹಿ ಸಿಹಿ. ಈ ನೀರನ್ನು ಕುಡಿಯುವವರು ನಾನು, ಪಕ್ಕದ ಟೈಲರ್ ಮನೆಯವರು, ಮಹಡಿಯ ನಿವೃತ್ತ ಮೇಷ್ಟ್ರು. ಟೈಲರ್ ಹೆಂಡತಿಗೆ ಈಗ ನಾಲ್ಕು ತಿಂಗಳು. ಬೆಳಿಗ್ಗೆ ಲೋಟ ಮೂಗಿನ ಹತ್ತಿರ ಹಿಡಿದ ಕೂಡಲೇ ಓಡುತ್ತಾಳೆ. ಮೊದಲು ಎಲ್ಲರೂ ಅದು ಬಸುರಿಯ ಸಂಕಟ ಅಂದುಕೊಂಡರು. ಆಮೇಲೆ ಮೇಷ್ಟ್ರೂ ಮೂಗು ಮುಚ್ಚಿಕೊಂಡರು. ಅವರಂತೂ ಬಸುರಿಯಲ್ಲ.

ಯಾರ ಕೆಲಸ ಅಂತ ನನಗೆ ಗೊತ್ತು. ಹಿತ್ತಲ ಗೋಡೆಯಾಚೆ ಒಂದು ಗ್ಯಾರೇಜು ಬಂದಿದೆ. ಅವನು ಗಾಡಿಯ ಹಳೇ ಎಣ್ಣೆ, ಪೆಟ್ರೋಲು ಎಲ್ಲ ನೆಲಕ್ಕೆ ಸುರಿಯುತ್ತಾನೆ. ಹೋಗಿ ಕೇಳಿದರೆ, "ಅಕ್ಕಾವ್ರೇ, ಹಳೇ ಎಣ್ಣೆನೂ ನಾನು ಮಾರ್ಕೊಳ್ತೀನಿ, ಸುರಿಯೋಕೆ ನನಗೇನು ತಲೆ ಕೆಟ್ಟಿದ್ಯಾ?" ಅನ್ನುತ್ತಾನೆ. ಕೈ ಮೊಣಕೈವರೆಗೂ ಕಪ್ಪಗಿರುವವನ ಮಾತನ್ನು ಯಾರು ನಂಬುತ್ತಾರೆ?

ನೀನು ನೀರು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೀಯ. ಈ ಬಾಟಲಿಯಲ್ಲಿ ಪೆಟ್ರೋಲ್ ಇದೆ ಎಂದು ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಕಳಿಸು. ಅಕ್ಕನಿಗಾಗಿ ಬೇಡ, ಆ ಹುಡುಗಿಯ ಹೊಟ್ಟೆಯಲ್ಲಿರುವುದಕ್ಕಾಗಿ.

ಅಕ್ಕ

ಫೆಬ್ರವರಿ 14

ಅಕ್ಕನಿಗೆ,

ಕೆಮ್ಮಿನ ಔಷಧಿಯ ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧ ನೀರು ತುಂಬಿ ಕಳಿಸಿದ್ದೀಯ. ಅದರಲ್ಲಿ ಕೆಮ್ಮಿನ ಔಷಧಿ ಇದೆ ಎಂದು ಬೇಕಾದರೆ ಸಹಿ ಹಾಕಿ ಕೊಡುತ್ತೇನೆ.

ವಾಸನೆ ಬರುತ್ತಿದೆ ಎಂದರೆ ಆವಿಯಾಗುವ ವಸ್ತು. ಬಾಟಲಿಯಲ್ಲಿ ಗಾಳಿಗೆ ಜಾಗವಿದ್ದರೆ ಅದು ನೀರು ಬಿಟ್ಟು ಗಾಳಿಗೆ ಹೋಗುತ್ತದೆ, ಮುಚ್ಚಳ ತೆಗೆದಾಗ ಕೋಣೆಗೆ ಹೋಗುತ್ತದೆ. ಆರು ಗಾಜಿನ ಬಾಟಲಿ ಕಳಿಸಿದ್ದೇನೆ. ಕಂಠದವರೆಗೆ ತುಂಬು, ಉಕ್ಕಿ ಹರಿಯಲಿ, ಆಮೇಲೆ ಮುಚ್ಚಳ ಹಾಕಿ ತಲೆಕೆಳಗು ಮಾಡಿ ನೋಡು. ಒಂದು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬು. ಎರಡು ಮೇಲಿನ ನೀರು, ಎರಡು ನಡುವಿನದು, ಎರಡು ತಳದ್ದು. ಚೀಟಿ ಅಂಟಿಸು. ಊಹೆ ಬರೆಯಬೇಡ, ದಿನಾಂಕ ಬರೆ.

ಒಂದು ಪ್ರಶ್ನೆ. ಬಕೆಟ್ಟಿನ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಕಾಣುತ್ತದೆಯೇ? ಪೆಟ್ರೋಲು, ಗಾಡಿಯ ಎಣ್ಣೆ ಎರಡೂ ಅಧ್ರುವೀಯ ವಸ್ತುಗಳು, ನೀರು ಧ್ರುವೀಯ. ಅವು ನೀರಿಗಿಂತ ಹಗುರ, ಬೆರೆಯದೆ ತೇಲುತ್ತವೆ. ಗ್ಯಾರೇಜಿನವನೇ ಕಾರಣವಾದರೆ ಮೇಲೆ ಕಾಣಬೇಕು.

ಫಲಿತಾಂಶ ಏನು ಬರಬೇಕು ಎಂದು ಮೊದಲೇ ಹೇಳಿ ಪರೀಕ್ಷೆ ಮಾಡಿಸುವವರು ನನ್ನ ಹತ್ತಿರ ತುಂಬಾ ಜನ ಬರುತ್ತಾರೆ. ನೀನೂ ಅವರ ಸಾಲಿನಲ್ಲಿ ನಿಲ್ಲಬೇಡ.

ಬೇರೆ ವಿಷಯ ಬರೆಯುವುದು ಬೇಡ.

ತಂಗಿ

ಫೆಬ್ರವರಿ 27

ಪಂಡಿತೆಗೆ,

ಅಪ್ಪಣೆ ಪ್ರಕಾರ ಆರು ಬಾಟಲಿ. ಗುಳ್ಳೆಯಿಲ್ಲದೆ ತುಂಬಲು ಒಂದು ಬೆಳಗು ಹಿಡಿಯಿತು. ತಳದ ನೀರಿಗಾಗಿ ಮೇಷ್ಟ್ರು ತಮ್ಮ ಊರುಗೋಲಿಗೆ ಹಗ್ಗ ಕಟ್ಟಿ ಬಾಟಲಿ ಇಳಿಸಿದರು. ಊರುಗೋಲು ಬಾವಿಗೆ ಬಿತ್ತು. ಈಗ ಅವರು ನನ್ನ ಹ್ಯಾಂಗರ್ ಕೋಲು ಹಿಡಿದು ಓಡಾಡುತ್ತಿದ್ದಾರೆ, ಕೊಕ್ಕೆ ಸಮೇತ.

ಪೊರೆ ಇಲ್ಲ. ಆದರೆ ಅದು ನಿನ್ನ ಪುಸ್ತಕದ ಮಾತು. ಧ್ರುವೀಯ, ಅಧ್ರುವೀಯ ಅಂತ ಹೆಸರಿಟ್ಟುಕೊಂಡು ನೀನು ಓದಿದ್ದನ್ನು ನಾನು ಕೈಯಲ್ಲಿ ಓದಿದ್ದೇನೆ. ಕೋಟು ಬಂದರೆ ಮೊದಲು ಕಲೆಯ ಮೇಲೆ ಒಂದು ಹನಿ ನೀರು ಬಿಡುತ್ತೇನೆ. ನೀರು ಇಳಿದರೆ ಅದು ನೀರಿನ ಕಲೆ: ಸಕ್ಕರೆ, ಬೆವರು, ಹಣ್ಣಿನ ರಸ. ನೀರು ಮುತ್ತಿನ ಹಾಗೆ ನಿಂತರೆ ಎಣ್ಣೆ ಕಲೆ. ನೀರಿನ ಕಲೆಯನ್ನು ಮೊದಲು ನೀರಿನಲ್ಲೇ ಬಿಡಿಸಬೇಕು. ಹಾಗೆಯೇ ಮಷಿನ್ನಿಗೆ ಹಾಕಿದರೆ ಜಿಡ್ಡು ತೆಗೆಯುವ ನಮ್ಮ ಪರ್ಕ್ ದ್ರಾವಣ ಅದನ್ನು ಮುಟ್ಟುವುದೂ ಇಲ್ಲ. ಆಮೇಲೆ ಇಸ್ತ್ರಿ ತಾಗಿ ಸಕ್ಕರೆ ಕಂದಾಗಿ ಕೂತರೆ ಗಿರಾಕಿ ನನ್ನ ಮುಖಕ್ಕೆ ಹಿಡಿಯುತ್ತಾನೆ. ಇದನ್ನೆಲ್ಲ ನನಗೆ ಕಲಿಸಿದ್ದು ಅಮ್ಮ, ಕಾಲೇಜಲ್ಲ.

ಬೇರೆ ವಿಷಯ ಬರೆಯಬೇಡ ಎಂದೆ. ಸರಿ. ಆ ಬೇರೆ ವಿಷಯ ಪ್ಲಾಸ್ಟಿಕ್ ಕವರಿನಲ್ಲಿ, 214ನೇ ನಂಬರಿನ ಚೀಟಿ ಹೊತ್ತು, ಇನ್ನೂ ಅದೇ ಕಂಬಿಯಲ್ಲಿ ತೂಗುತ್ತಿದೆ. ಅಷ್ಟೇ ಹೇಳಿದೆ.

ನಾನೂ, ಟೈಲರೂ, ಮೇಷ್ಟ್ರೂ ಸೇರಿ ಆರೋಗ್ಯ ಇನ್ಸ್‌ಪೆಕ್ಟರಿಗೆ ಅರ್ಜಿ ಕೊಟ್ಟಿದ್ದೇವೆ. ಬರೆದದ್ದು ಮೇಷ್ಟ್ರು, ಬರೆಸಿದ್ದು ನಾನು. ನಿನ್ನ ಕಾಗದ ಬಂದರೆ ಜೊತೆಗೆ ಲಗತ್ತಿಸುತ್ತೇವೆ.

ಅಕ್ಕ

ಮಾರ್ಚ್ 20

ಪಂಡಿತೆಗೆ,

ಮೂರು ವಾರವಾಯಿತು. ಪೋಸ್ಟಿನವನು ನನ್ನನ್ನು ಕಂಡರೆ ರಸ್ತೆ ದಾಟುತ್ತಿದ್ದಾನೆ.

ಇನ್ಸ್‌ಪೆಕ್ಟರ್ ಬಂದಿದ್ದರು. ಗ್ಯಾರೇಜಿನ ನೆಲ ನೋಡಿದರು, ಅವನ ಕೈ ನೋಡಿದರು, ಬಾಗಿಲಿಗೆ ನೋಟಿಸು ಅಂಟಿಸಿ ಹೋದರು. ಪರೀಕ್ಷೆಯ ವರದಿ ಬರುವವರೆಗೆ ಬೀಗ. ಜನ ಬಂದು ನನ್ನ ಭುಜ ತಟ್ಟಿ ಹೋಗುತ್ತಿದ್ದಾರೆ. ಖುಷಿಯಾಗಬೇಕಿತ್ತು. ಒಂದು ಕಡೆ ಕೂರಲಾಗುತ್ತಿಲ್ಲ. ಇಸ್ತ್ರಿ ಹಿಡಿದರೆ ಬಾವಿಯ ಕಡೆ ಹೋಗಬೇಕು ಅನಿಸುತ್ತದೆ, ಬಾವಿಯ ಹತ್ತಿರ ಹೋದರೆ ಇಸ್ತ್ರಿ ಆರಿಸಿದೆನೋ ಇಲ್ಲವೋ ಎಂದು ಓಡಿ ಬರುತ್ತೇನೆ. ನಿನ್ನೆ ಒಂದು ಅಂಗಿಗೆ ಎರಡು ಸಲ ಗೆರೆ ಹಾಕಿದೆ.

ಬಾವಿಯ ನೀರನ್ನು ಕುದಿಸಿ ಕುಡಿಯುತ್ತಿದ್ದೇವೆ.

ಅಕ್ಕ

ಏಪ್ರಿಲ್ 1

ಬೈದಾದರೂ ಒಂದು ಸಾಲು ಬರೆ. ಇವತ್ತು ಗ್ಯಾರೇಜಿನವನು ಅಂಗಡಿ ಮುಂದೆ ಬಂದು ನಿಂತು, "ನಿಮ್ ತಂಗಿ ಕಾಗದ ಬಂತಾ?" ಅಂತ ಕೇಳಿದ. ನನಗಿಂತ ಅವನೇ ಅದಕ್ಕೆ ಹೆಚ್ಚು ಕಾಯುತ್ತಿರುವ ಹಾಗಿದೆ. ಯಾಕೆ?

ಅಕ್ಕ

ಏಪ್ರಿಲ್ 5

ಅಕ್ಕ,

ಇದನ್ನು ಓದಿದ ಕೂಡಲೇ ಬಾವಿಯ ನೀರು ಕುಡಿಯುವುದನ್ನು ಎಲ್ಲರೂ ನಿಲ್ಲಿಸಿ. ಕುದಿಸಿದರೆ ಸಾಕು ಎಂದುಕೊಳ್ಳಬೇಡಿ, ಕುದಿಸಿದಾಗ ಅದು ಆವಿಯಾಗಿ ಅಡುಗೆಮನೆಯನ್ನೇ ತುಂಬುತ್ತದೆ. ಬೀದಿಯ ನಲ್ಲಿಯಿಂದ ತನ್ನಿ. ಟೈಲರ್ ಹೆಂಡತಿ ಒಮ್ಮೆ ಡಾಕ್ಟರಿಗೆ ತೋರಿಸಲಿ, ಈ ಕಾಗದವನ್ನೂ ತೋರಿಸಲಿ. ಉಳಿದದ್ದನ್ನು ಆಮೇಲೆ ಓದು.

ನಿನ್ನ ಬಾಟಲಿಗಳಲ್ಲಿ ಪೆಟ್ರೋಲ್ ಇಲ್ಲ. ಗಾಡಿಯ ಎಣ್ಣೆ ಇಲ್ಲ. ಇರುವುದು ಪರ್ಕ್. ತಳದ ಬಾಟಲಿಯಲ್ಲಿ ಕುಡಿಯುವ ನೀರಿನ ಮಿತಿಗಿಂತ ಹನ್ನೆರಡು ಪಟ್ಟು.

ಫಲಿತಾಂಶ ಮಾರ್ಚ್ ಎಂಟಕ್ಕೇ ಬಂದಿತ್ತು. ಬಾಟಲಿ ಅದಲುಬದಲಾಗಿರಬಹುದು ಎಂದು ಮತ್ತೆ ಮಾಡಿದೆ. ಉಪಕರಣ ಸರಿಯಿಲ್ಲ ಎಂದು ಬೇರೆಯವರ ಕೈಯಲ್ಲಿ ಮಾಡಿಸಿದೆ. ಮೂರು ಸಲವೂ ಅದೇ. ಅಷ್ಟು ದಿನ ನೀವೆಲ್ಲ ಅದನ್ನು ಕುಡಿದಿರಿ. ಆ ತಪ್ಪು ನನ್ನದು, ಅದಕ್ಕೆ ಸಬೂಬು ಇಲ್ಲ.

ಆ ಓಣಿಯಲ್ಲಿ ಪರ್ಕ್ ಇರುವುದು ಒಂದೇ ಕಡೆ. ನಿನ್ನ ಮಷಿನ್ನಿನ ಗಾಜಿನ ಡಬ್ಬದಲ್ಲಿ ಮೇಲೆ ನಿಲ್ಲುವ ನೀರು ಎಲ್ಲಿಗೆ ಹೋಗುತ್ತದೆ, ಅಕ್ಕ?

ತಂಗಿ

ಏಪ್ರಿಲ್ 11

ಬಾವಿ ಮುಚ್ಚಿದ್ದೇವೆ. "ತಂಗಿ ಹೇಳಿದಾಳೆ, ನೀರು ಕೆಟ್ಟಿದೆ" ಎಂದೆ. ಏನಿದೆ ಎಂದು ಹೇಳಲಿಲ್ಲ.

ಆರು ವರ್ಷ ಕಾದು ಒಳ್ಳೇ ಸಮಯ ನೋಡಿ ಹೊಡೆದೆ. ಅಮ್ಮನ ಒಂದು ಶಾಲು ಒಗೆದದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆ ಕೊಡಬಹುದು ಎಂದು ನನಗೆ ಹೊಳೆದಿರಲಿಲ್ಲ.

ನನ್ನ ಮಷಿನ್ನಿನಿಂದ ಒಂದು ಹನಿ ಪರ್ಕ್ ಹೊರಗೆ ಹೋಗುವುದಿಲ್ಲ. ಬಟ್ಟೆ ಒಣಗಿಸುವಾಗ ಹೊರಡುವ ಆವಿ ತಣ್ಣಗಾಗಿ ಗಾಜಿನ ಡಬ್ಬಕ್ಕೆ ಇಳಿಯುತ್ತದೆ. ಪರ್ಕ್ ಭಾರ, ಕೆಳಗೆ ಕೂರುತ್ತದೆ. ಬಟ್ಟೆಯ ಪಸೆಯ ನೀರು ಮೇಲೆ ನಿಲ್ಲುತ್ತದೆ. ನಡುವೆ ಗೀಟು ಎಳೆದ ಹಾಗೆ ಕಾಣುತ್ತದೆ. ಕೆಳಗಿನದು ಮಷಿನ್ನಿಗೆ ವಾಪಸು, ಮೇಲಿನದು ಬಕೆಟ್ಟಿಗೆ. ಆ ಬಕೆಟ್ಟನ್ನು ಹಿತ್ತಲ ಗೋಡೆಯ ಬುಡಕ್ಕೆ ಚೆಲ್ಲುತ್ತೇನೆ, ಹತ್ತೊಂಬತ್ತು ವರ್ಷದಿಂದ, ದಿನವೂ. ಅದು ನೀರು. ಬರೀ ನೀರು.

ಹಾಗಂತ ಹೇಳಿದವರು ಯಾರು, ನೆನಪಿದೆಯಾ? ಮೊದಲು ಅಮ್ಮ ಆ ಬಕೆಟ್ಟನ್ನು ತಾರಸಿಗೆ ಹೊತ್ತು, ಅಗಲದ ತಟ್ಟೆಗೆ ಸುರಿದು, ಬಿಸಿಲಿಗೆ ಒಣಗಲು ಬಿಡುತ್ತಿದ್ದಳು. ಮಂಡಿ ನೋವಿದ್ದರೂ ಮೂವತ್ತು ಮೆಟ್ಟಿಲು ಹತ್ತುತ್ತಿದ್ದಳು. ನೀನು ಕಾಲೇಜಿನ ಎರಡನೇ ವರ್ಷ. ರಜೆಗೆ ಬಂದವಳು ಗಾಜಿನ ಡಬ್ಬದ ಮುಂದೆ ನಿಂತು, "ಅಮ್ಮಾ, ಯಾಕೆ ಸುಮ್ನೆ ಹತ್ತಿ ಇಳೀತೀಯ? ಇದು ಧ್ರುವೀಯ, ಅದು ಅಧ್ರುವೀಯ. ಬೆರೆಯೋದೇ ಇಲ್ಲ. ಮೇಲಿನ ನೀರು ಕೆಳಗೇ ಚೆಲ್ಲಿಬಿಡು" ಅಂದೆ. ಅಮ್ಮ ಬಕೆಟ್ಟಿಗೆ ಮೂಗು ಹಿಡಿದು, "ವಾಸನೆ ಇದೆ ಅಂದ್ರೆ ಏನೋ ಇದೆ ಕಣೇ" ಅಂದಳು. ನೀನು ನಕ್ಕೆ. ನಾನೂ ನಕ್ಕೆ. ಪಂಡಿತೆ ಅಂತ ಹೆಸರಿಟ್ಟದ್ದೇ ಅವತ್ತು.

ಈಗ ಹೇಳು, ಅವತ್ತಿನ ಪಂಡಿತೆ ಸುಳ್ಳಿಯೋ, ಇವತ್ತಿನವಳೋ?

ಏಪ್ರಿಲ್ 17

ಅಕ್ಕ,

ಅವತ್ತಿನವಳು.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅರ್ಧ ಓದಿ ಪೂರ್ತಿ ಹೇಳಿದೆ. ನಿನ್ನ ಕಾಗದ ಬರುವ ಮೊದಲೇ ಇದು ನೆನಪಿಗೆ ಬಂದಿತ್ತು. ಫಲಿತಾಂಶ ಬಂದ ದಿನ ಆ ಗಾಜಿನ ಡಬ್ಬ, ಅಮ್ಮನ ಬಕೆಟ್ಟು, ನನ್ನ ನಗು ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ನಾಲ್ಕು ವಾರ ತಡಮಾಡಿದ್ದು ಉಪಕರಣದ ಮೇಲಿನ ಅನುಮಾನದಿಂದಲ್ಲ. ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆದು ನಡೆದು ಚಪ್ಪಲಿ ಸವೆಸಿದೆ. ಕಾಗದ ತೆಗೆದರೆ ನಿನಗೆ ಬರೆಯಬೇಕು, ಬರೆದರೆ ಇದನ್ನೂ ಬರೆಯಬೇಕು. ಏಪ್ರಿಲ್ ಐದರ ಕಾಗದದಲ್ಲೂ ಬರೆಯದೆ ನಿನ್ನನ್ನೇ ಪ್ರಶ್ನೆ ಕೇಳಿದೆ. ನೀನು ಹೇಳಲಿ, ನಾನು ಒಪ್ಪಿಕೊಂಡರಾಯಿತು ಎಂದಿತ್ತು. ಹೇಡಿತನ ಅದು.

ಈಗ ಪೂರ್ತಿ ಹೇಳುತ್ತೇನೆ. ನೀರಿನ ಅಣುವಿನಲ್ಲಿ ಆಕ್ಸಿಜನ್ ಒಂದು ಕಡೆ, ಎರಡು ಹೈಡ್ರೋಜನ್ ಇನ್ನೊಂದು ಕಡೆಗೆ ಬಾಗಿ ನಿಂತಿವೆ. ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಹಾಗಾಗಿ ಒಂದು ತುದಿ ಸ್ವಲ್ಪ ಋಣ, ಇನ್ನೊಂದು ತುದಿ ಸ್ವಲ್ಪ ಧನ. ಇದೇ ಧ್ರುವೀಯತೆ. ಉಪ್ಪು, ಸಕ್ಕರೆಯಂಥವು ಆ ತುದಿಗಳಿಗೆ ಅಂಟಿಕೊಂಡು ಕರಗುತ್ತವೆ. ಪರ್ಕಿನ ಅಣುವಿನಲ್ಲಿ ನಾಲ್ಕು ಕ್ಲೋರಿನ್ ಇವೆ. ಅವೂ ಎಳೆಯುತ್ತವೆ. ಆದರೆ ನೀನು, ನಾನು, ಅಮ್ಮ, ಟೈಲರ್ ನಾಲ್ಕು ಮೂಲೆ ಹಿಡಿದು ಬೆಡ್‌ಶೀಟು ಕೊಡವುತ್ತಿದ್ದೆವಲ್ಲ, ನಾಲ್ಕೂ ಕಡೆ ಸಮನಾಗಿ ಎಳೆದರೆ ಅದು ಯಾರ ಕಡೆಗೂ ಹೋಗುತ್ತಿರಲಿಲ್ಲ. ಹಾಗೆ ಇಲ್ಲಿ ಎಳೆತವಿದೆ, ತುದಿಯಿಲ್ಲ. ಅದಕ್ಕೇ ಅದು ಅಧ್ರುವೀಯ. ಎಣ್ಣೆ, ಜಿಡ್ಡನ್ನು ಕರಗಿಸುತ್ತದೆ, ಬೆವರಿನ ಉಪ್ಪನ್ನು ಮುಟ್ಟುವುದಿಲ್ಲ.

ಇಷ್ಟನ್ನು ಅವತ್ತೂ ಹೇಳಿದ್ದೆ. ಹೇಳದೇ ಉಳಿದದ್ದು ಇದು: ಬೆರೆಯುವುದಿಲ್ಲ ಎಂದರೆ ಒಂದಿಷ್ಟೂ ಬೆರೆಯುವುದಿಲ್ಲ ಎಂದಲ್ಲ. ಗಾಜಿನ ಡಬ್ಬದಲ್ಲಿ ಗೀಟು ಕಂಡರೂ ಗೀಟಿನ ಮೇಲಿನ ಒಂದು ಲೀಟರ್ ನೀರಿನಲ್ಲಿ ನೂರೈವತ್ತು ಮಿಲಿಗ್ರಾಂ ಪರ್ಕ್ ಕರಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಗೊತ್ತಾಗುತ್ತದೆ. ಹತ್ತೊಂಬತ್ತು ವರ್ಷ, ದಿನಕ್ಕೊಂದು ಬಕೆಟ್ಟು. ನೆಲದೊಳಗೆ ನಿಧಾನವಾಗಿ ಇಳಿದಿಳಿದು ಅದು ಬಾವಿ ಮುಟ್ಟಿದ್ದು ಈಗ. ಅಮ್ಮನ ಮೂಗು ಸರಿಯಾಗಿತ್ತು.

ವರದಿಯನ್ನು ಸಹಿ ಹಾಕಿ ಇದರೊಂದಿಗೆ ಇಟ್ಟಿದ್ದೇನೆ. ನಿನ್ನ ಅಂಗಡಿಯ ಹೆಸರು ಅದರಲ್ಲಿಲ್ಲ, ಪರ್ಕ್ ಎಂಬ ಹೆಸರಿದೆ. ಓದಿದವರಿಗೆ ಮಿಕ್ಕಿದ್ದು ತಿಳಿಯುತ್ತದೆ. ಮಷಿನ್ ನಿಂತರೆ ಅಂಗಡಿ ನಿಂತ ಹಾಗೆ, ಅದು ನನಗೂ ಗೊತ್ತು. ಆದರೆ ಗ್ಯಾರೇಜಿಗೆ ಬೀಗ ಬಿದ್ದು ತಿಂಗಳಾಯಿತು. ಹತ್ತು ದಿನ ಕಾಯುತ್ತೇನೆ. ಅಷ್ಟರಲ್ಲಿ ನೀನು ಹೇಳದಿದ್ದರೆ ನಾನು ಇನ್ಸ್‌ಪೆಕ್ಟರಿಗೆ ಕಳಿಸಬೇಕಾಗುತ್ತದೆ.

ನೀನೇ ಹೇಳು, ಅಕ್ಕ. ನನ್ನ ಕೈಯಲ್ಲಿ ಹೇಳಿಸಬೇಡ.

ತಂಗಿ

ಮೇ 6

ತಂಗಿಗೆ,

ನಿನ್ನ ಕಾಗದ ಬಂದ ಮೇಲೆ ಐದು ದಿನ ಅದನ್ನು ರವಿಕೆಯಲ್ಲಿ ಇಟ್ಟುಕೊಂಡು ಓಡಾಡಿದೆ. ಗಿರಾಕಿ ಮುಂದೆ ನಿಂತಿದ್ದರೂ ಕಿವಿಗೆ ಏನೂ ಬೀಳುತ್ತಿರಲಿಲ್ಲ. ಒಂದು ಸಲ ಒಲೆಯ ಹತ್ತಿರ ನಿಂತೆ, ಸುಟ್ಟು ಹಾಕಲು. ನಿನ್ನ ಹತ್ತಿರ ಇನ್ನೊಂದು ಪ್ರತಿ ಇದ್ದೇ ಇರುತ್ತದೆ ಎಂದು ನೆನಪಾಗಿ ವಾಪಸು ಬಂದೆ. ಸತ್ಯ ಹೇಳಬೇಕೆಂದರೆ ನನ್ನನ್ನು ತಡೆದದ್ದು ಅಷ್ಟೇ, ಒಳ್ಳೆಯತನವಲ್ಲ.

ಆರನೇ ದಿನ ಗ್ಯಾರೇಜಿನ ಕಡೆ ಹೋದೆ. ಅರ್ಧಕ್ಕೆ ಹೋಗಿ ತಿರುಗಿ ಬಂದೆ. ಹೀಗೆ ಮೂರು ಸಲ. ನಾಲ್ಕನೇ ಸಲ ಅಲ್ಲೇ ನಿಂತೆ. ಬೀಗ ಹಾಕಿದ ಬಾಗಿಲ ಹೊರಗೆ, ರಸ್ತೆ ಬದಿಯಲ್ಲೇ, ಅವನು ಒಂದು ವ್ಯಾನಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ. ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಒಂದು ಚಪ್ಪಲಿಗೆ ತಂತಿ ಸುತ್ತಿತ್ತು. ಮುಖ ಕಾಣದಿದ್ದದ್ದೇ ಒಳ್ಳೆಯದಾಯಿತು. ಎಲ್ಲವನ್ನೂ ಆ ಕಾಲುಗಳಿಗೆ ಹೇಳಿದೆ. ಬಾವಿಯಲ್ಲಿರುವುದು ನನ್ನ ಮಷಿನ್ನಿನದು, ನಿನ್ನದೇನೂ ಇಲ್ಲ, ಬೀಗ ಹಾಕಿಸಿದ್ದು ನಾನು ಎಂದೆ.

ಆಮೇಲೆ ಒಂದು ಕಪ್ಪು ಕೈ ಹೊರಗೆ ಬಂತು. "ಹದಿನಾಲ್ಕರ ಸ್ಪ್ಯಾನರ್ ಕೊಡಿ" ಅಂದ.

ಕೊಟ್ಟೆ. ಬೋಲ್ಟು ಬಿಗಿಮಾಡಿದ. ನಿಧಾನವಾಗಿ ಹೊರಗೆ ಬಂದು ಕೂತ.

"ನನಗ್ ಹೇಳಿದ್ದು ಸರಿ ಅಕ್ಕಾವ್ರೇ. ನನಗೆ ಮೊದ್ಲೇ ಗೊತ್ತಿತ್ತು, ನಾನಲ್ಲ ಅಂತ. ಗೊತ್ತಾಗ್ಬೇಕಾಗಿರೋದು ಅವ್ರಿಗೆ. ಇದನ್ನೇ ಅಲ್ಲಿ ಹೇಳಿ, ಎಲ್ರ ಮುಂದೆ."

ಹೇಳಿದೆ. ಸಂಜೆ ಬಾವಿಕಟ್ಟೆಯ ಹತ್ತಿರ ಎಲ್ಲರನ್ನೂ ಕರೆದು ವರದಿ ಓದಿದೆ. ಎರಡು ಕಡೆ ನಾಲಿಗೆ ತಡವರಿಸಿತು, ಮೇಷ್ಟ್ರು ತಿದ್ದಿದರು. ಅವರಿಗೆ ಎಲ್ಲಿ ನಿಂತರೂ ಪಾಠವೇ. ಟೈಲರು ತಲೆ ಮೇಲೆ ಕೈ ಹೊತ್ತು ಕೂತ. ಅವನ ಹೆಂಡತಿ ಹೊಟ್ಟೆ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡಿದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ನಾನೇ ಇನ್ಸ್‌ಪೆಕ್ಟರ್ ಕಚೇರಿಗೆ ಹೋಗಿ ವರದಿ ಕೊಟ್ಟು ಬಂದೆ. ಗ್ಯಾರೇಜಿನ ನೋಟಿಸು ಕಿತ್ತರು. ನನ್ನ ಮಷಿನ್ನಿಗೆ ಅಂಟಿಸಿದರು, ಅದೇ ಗೋಂದು.

ಚೆಲ್ಲಲು ಹೇಳಿದ್ದು ನೀನು ಎಂದು ಹೇಳಬೇಕೆಂದುಕೊಂಡೇ ಕಟ್ಟೆ ಹತ್ತಿದ್ದೆ. ಬಾಯಿಗೆ ಬರಲಿಲ್ಲ. ಬಕೆಟ್ಟು ನನ್ನ ಕೈಯಲ್ಲಿತ್ತು. ಮೂಗೂ ನನ್ನ ಮುಖದ ಮೇಲೇ ಇತ್ತು.

ಅಕ್ಕ

ಜೂನ್ 12

ಅಕ್ಕ,

ನೀನು ಹೇಳದಿದ್ದದ್ದನ್ನು ನಾನು ಹೇಳಿದ್ದೇನೆ. "ಮೇಲಿನ ನೀರನ್ನು ನೆಲಕ್ಕೆ ಚೆಲ್ಲಬಹುದೆಂದು ಸಲಹೆ ಕೊಟ್ಟವಳು ನಾನು" ಎಂದು ಬರೆದು ಇನ್ಸ್‌ಪೆಕ್ಟರಿಗೂ, ಟೈಲರ್ ಮನೆಗೂ, ಗ್ಯಾರೇಜಿಗೂ ಒಂದೊಂದು ಪ್ರತಿ ಹಾಕಿದ್ದೇನೆ. ಗ್ಯಾರೇಜಿನಿಂದ ಉತ್ತರ ಬಂತು. ಕಪ್ಪು ಹೆಬ್ಬೆರಳಿನ ಗುರುತಿದ್ದ ಕಾರ್ಡು. "ಓದಿದವರೂ ತಪ್ಪು ಮಾಡುತ್ತಾರೆ ಎಂದು ತಿಳಿದು ಸಮಾಧಾನವಾಯಿತು" ಎಂದು ಬರೆದಿದ್ದಾನೆ. ಟೈಲರ್ ಮನೆಯಿಂದ ಏನೂ ಬಂದಿಲ್ಲ.

ಗೋಡೆಯ ಬುಡದ ಮಣ್ಣು ತೆಗೆಸಬೇಕು. ಬಾವಿಯ ನೀರನ್ನು ಪಂಪಿನಿಂದ ಎತ್ತಿ ಇದ್ದಿಲಿನ ಸೋಸುಗದ ಮೂಲಕ ಹಾಯಿಸಬೇಕು. ಪರ್ಕ್ ನೀರನ್ನು ಬಿಟ್ಟು ಇದ್ದಿಲಿಗೆ ಅಂಟಿಕೊಳ್ಳುತ್ತದೆ, ಅವೆರಡಕ್ಕೂ ಹೊಂದುತ್ತದೆ. ವರ್ಷಗಟ್ಟಲೆ ಹಿಡಿಯಬಹುದು. ಪ್ರತಿ ತಿಂಗಳು ಬಾಟಲಿ ಕಳಿಸು.

ಇಷ್ಟು ಬರೆದು ಎರಡು ಸಲ ಎದ್ದು ಹೋಗಿ ಬಂದೆ. ಆರು ವರ್ಷದಿಂದ ಕೇಳದೇ ಇದ್ದದ್ದನ್ನು ಕೇಳಿಬಿಡುತ್ತೇನೆ. ಆ ದಿನ ನಾನು ಅಮ್ಮನ ಶಾಲನ್ನು ಮೂಗಿಗೆ ಹಿಡಿದಾಗ ಪರ್ಕ್ ಬಿಟ್ಟು ಬೇರೇನೂ ಇರಲಿಲ್ಲ. ಅಮ್ಮನ ತಲೆಗೆಣ್ಣೆ, ಅವಳ ಮೈ, ಎಲ್ಲ ಹೋಗಿತ್ತು. ಗಿರಾಕಿಯ ಬಟ್ಟೆಯ ಹಾಗೆ ಕವರು, ನಂಬರು. ಯಾಕೆ ಒಗೆದೆ, ಅಕ್ಕ?

ತಂಗಿ

ಜುಲೈ 30

ತಂಗಿಗೆ,

ತಡವಾಯಿತು. ನಿನ್ನ ಹಾಗೆ ನಾಲ್ಕು ವಾರದಲ್ಲಿ ಧೈರ್ಯ ಮಾಡುವಷ್ಟು ಚುರುಕಲ್ಲ ನಾನು.

ಟೈಲರ್ ಹೆಂಡತಿಗೆ ಹೆಣ್ಣು ಮಗು ಹುಟ್ಟಿದೆ. ತೂಕ ಸರಿಯಿದೆ, ಅಳು ಜೋರಿದೆ, ಡಾಕ್ಟರು ಏನೂ ತೊಂದರೆ ಕಾಣುವುದಿಲ್ಲ ಎಂದಿದ್ದಾರೆ. ಅವಳು ನನ್ನ ಜೊತೆ ಮಾತಾಡುವುದಿಲ್ಲ. ಮಗುವಿನ ಬಟ್ಟೆಗಳನ್ನು ನನ್ನ ಕಿಟಕಿಯ ಎದುರಿನ ತಂತಿಯ ಮೇಲೆ ಒಣಹಾಕುತ್ತಾಳೆ. ಎಣಿಸಿಕೊಂಡು ಕೂರುತ್ತೇನೆ. ಮಷಿನ್ ಹೊತ್ತುಕೊಂಡು ಹೋದರು. ಅದು ಇದ್ದ ಜಾಗದಲ್ಲಿ ನೆಲ ಬಿಳಿಚಿದೆ. ಈಗ ನೀರಿನ ಒಗೆತ, ಇಸ್ತ್ರಿ ಅಷ್ಟೇ. ಕೋಟಿನವರು ಬರುವುದಿಲ್ಲ. ಗ್ಯಾರೇಜಿನವನು ತನ್ನ ಬಟ್ಟೆಗಳನ್ನು ತಂದು ಹಾಕುತ್ತಾನೆ. ಆ ಜಿಡ್ಡು ನೀರಿಗೆ ಹೋಗುವುದಿಲ್ಲ, ಸೋಪು ಹಾಕಿ ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಗುತ್ತದೆ. ಬೇಕಂತಲೇ ತರುತ್ತಾನೆ ಎಂದು ನನಗೆ ಅನುಮಾನ.

ಶಾಲಿನ ಮಾತು.

ಕೊನೆಯ ನಾಲ್ಕು ತಿಂಗಳು ಅಮ್ಮನಿಗೆ ಬೆನ್ನು, ಭುಜ ಎಲ್ಲ ನೋವು. ದಿನಕ್ಕೆರಡು ಹೊತ್ತು ಒಂದು ಔಷಧಿ ಎಣ್ಣೆ ತಿಕ್ಕುತ್ತಿದ್ದೆ. ತಿಕ್ಕಿದ ಮೇಲೆ ಆ ಶಾಲು ಹೊದಿಸುತ್ತಿದ್ದೆ. ಅದರ ಘಾಟು ಗೋಡೆಗೂ ಹಿಡಿದಿತ್ತು. ನೀನು ಆ ನಾಲ್ಕು ತಿಂಗಳಲ್ಲಿ ಎರಡು ಸಲ ಬಂದೆ, ಎರಡೆರಡು ದಿನ ಇದ್ದೆ. ರಜೆ ಸಿಗಲಿಲ್ಲ, ಗೊತ್ತು. ಆದರೆ ನೀನು ಹುಡುಕಿದ ವಾಸನೆ ಆ ಶಾಲಿನಲ್ಲಿ ಆಗಲೇ ಇರಲಿಲ್ಲ. ಇದ್ದದ್ದು ಅವಳ ನೋವಿನ ವಾಸನೆ, ನನ್ನ ಅಂಗೈಯ ವಾಸನೆ. ಅದಿದ್ದ ಕೋಣೆಯಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ನೀನು ಬಂದು ಹಿಡಿದಾಗ ನಿನಗೂ ಅದೇ ಸಿಗುವುದು ಬೇಡ ಎಂದು ಮಷಿನ್ನಿಗೆ ಹಾಕಿದೆ. ಇದನ್ನು ಅವತ್ತೇ ಹೇಳಬಹುದಿತ್ತು. ಹೇಳಿದ್ದರೆ, ನೀನು ಬರಲಿಲ್ಲ, ನಾನೊಬ್ಬಳೇ ಮಾಡಿದೆ ಎಂದು ಹಂಗಿಸಿದ ಹಾಗಾಗುತ್ತಿತ್ತು. ಹಂಗಿಸಬೇಕು ಎಂದೂ ಇತ್ತು. ಅದಕ್ಕೇ ಬಾಯಿ ಮುಚ್ಚಿಕೊಂಡೆ.

ಈಗ ಇದರ ಜೊತೆ ಬಂದ ಪಾರ್ಸಲ್ ಬಿಚ್ಚು. ಕುತ್ತಿಗೆಯ ಹಿಂದೆ ಬರುವ ಅಂಚನ್ನು ಬೆಳಕಿಗೆ ಹಿಡಿ. ಸಣ್ಣ ಬಿಳಿ ಗೆರೆ ಕಾಣುತ್ತದೆ, ವಕ್ರವಕ್ರವಾಗಿ. ಅದು ಅಮ್ಮನ ಬೆವರಿನದು. ಚಳಿ ಎಂದು ಶಾಲು ಹೊದ್ದು ಇಸ್ತ್ರಿ ಮೇಜಿನ ಮುಂದೆ ನಿಲ್ಲುವಳು, ಹತ್ತು ನಿಮಿಷಕ್ಕೆ ಬೆವರುವಳು, ಆದರೂ ತೆಗೆಯುವಳಲ್ಲ. ಬೆವರಿನ ಕಲೆಯನ್ನು ಮೊದಲು ನೀರಿನಲ್ಲಿ ಬಿಡಿಸಿ ಆಮೇಲೆ ಮಷಿನ್ನಿಗೆ ಹಾಕಬೇಕು, ಅದು ನನ್ನ ಕಸುಬಿನ ಮೊದಲ ಪಾಠ. ಅವತ್ತು ನೀರಿನ ಹನಿ ಕೈಯಲ್ಲಿ ಹಿಡಿದು ನಿಂತಿದ್ದೆ. ಬಿಡಲಿಲ್ಲ. ಜನ್ಮದಲ್ಲಿ ಒಂದು ಬಟ್ಟೆಯನ್ನು ಕಲೆ ಬಿಡಿಸದೆ ಹಾಕಿದ್ದರೆ ಅದೊಂದೇ. ಎಣ್ಣೆ ಹೋಯಿತು, ಉಪ್ಪು ಉಳಿಯಿತು. ಪರ್ಕ್ ಅದನ್ನು ಮುಟ್ಟುವುದಿಲ್ಲ ಎಂದು ನೀನೂ ಬರೆದಿದ್ದೀಯಲ್ಲ.

ನೀನು ನೋಡಲಿಲ್ಲ. ಮೂಗಿಗೆ ಹಿಡಿದು, ಕೌಂಟರಿನ ಮೇಲೆ ಎಸೆದು ಹೋದೆ.

ಇನ್ನು ಇಟ್ಟುಕೋ. ಒಂದೇ ಮಾತು, ಯಾವ ಕಾರಣಕ್ಕೂ ಅದಕ್ಕೆ ನೀರು ತಾಗಿಸಬೇಡ.

ಅಕ್ಕ

ಆಗಸ್ಟ್ 9

ಅಕ್ಕ,

ಜುಲೈ ಬಾಟಲಿಗಳ ಫಲಿತಾಂಶ: ಹನ್ನೆರಡು ಪಟ್ಟು ಇದ್ದದ್ದು ಒಂಬತ್ತಕ್ಕೆ ಇಳಿದಿದೆ. ಮಳೆಗಾಲದ ನಂತರ ಮತ್ತೆ ಏರಬಹುದು. ಟೈಲರ್ ಹೆಂಡತಿಗೆ ಹೇಳು. ಉತ್ತರ ಬರದಿದ್ದರೂ ಬಾಗಿಲ ಹೊರಗೆ ನಿಂತು ಹೇಳು.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಈ ತಿಂಗಳ ಬಾಟಲಿ ನಾನೇ ತುಂಬುತ್ತೇನೆ. ಮೇಷ್ಟ್ರಿಗೆ ಹೊಸ ಊರುಗೋಲು ತೆಗೆದುಕೊಂಡಿದ್ದೇನೆ, ಕೊಕ್ಕೆ ಇಲ್ಲದ್ದು. ನಾಲ್ಕು ತಿಂಗಳು ತಿಕ್ಕಿದ ನಿನ್ನ ಕೈಗೆ ಏನು ತರಬೇಕೋ ಗೊತ್ತಾಗಲಿಲ್ಲ. ಅಂಗಡಿಗಳ ಮುಂದೆ ಸುಮ್ಮನೆ ಸುತ್ತಿ ಬರಿಗೈಯಲ್ಲಿ ಬಂದೆ. ಮಾತಾಡಲು ಬಿಟ್ಟರೆ ಎದುರಿಗೆ ಕೂತು ಹೇಳುತ್ತೇನೆ.

ಶಾಲು ಬಂದು ನಾಲ್ಕು ದಿನವಾಯಿತು. ಗೆರೆ ನೋಡಿದೆ. ಬೆರಳಿನಿಂದ ಅದರುದ್ದಕ್ಕೂ ಹೋದೆ. ನೀರು ತಾಗಿಸಬೇಡ ಎಂದು ನೀನು ಬರೆದಿದ್ದೆ. ಎರಡು ಹನಿ ತಾಗಿತು, ಅಕ್ಕ. ತಡೆಯಲು ಆಗಲಿಲ್ಲ. ಗಾಬರಿಯಾಗಿ ಗಾಳಿಗೆ ಹರವಿ, ಒಣಗಿದ ಮೇಲೆ ಕಿಟಕಿಗೆ ಹಿಡಿದು ನೋಡಿದೆ. ಅಮ್ಮನ ಗೆರೆ ಹಾಗೇ ಇದೆ. ಅದರ ಸ್ವಲ್ಪ ಕೆಳಗೆ ಎರಡು ಹೊಸ ಬಿಳಿ ಕಲೆ.

ಬರುವಾಗ ತರುತ್ತೇನೆ. ಯಾವ ಕಲೆ ಎಂದು ನೀನೇ ನೋಡಿ ಹೇಳು.

ನಿನ್ನ
ಪಂಡಿತೆ